ಕೊನೇ ಬೆಂಚಿನಲ್ಲಿ ಕೂತ ಮೆಂಟರ್: ಎಂಜಿನಿಯರಿಂಗ್ ಮೇಷ್ಟ್ರು ಪಾಠ ಮಾಡಲು ಕಲಿಯುವುದು ಹೇಗೆ?

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ನೆಲದ ಮೇಲೆ 100 ನ್ಯೂಟನ್ ತೂಕದ ಪೆಟ್ಟಿಗೆ ಇದೆ. ಪೆಟ್ಟಿಗೆಗೂ ನೆಲಕ್ಕೂ ನಡುವಿನ ಘರ್ಷಣಾ ಗುಣಾಂಕ 0.5. ನೀವು ಅದನ್ನು ಪಕ್ಕದಿಂದ 20 ನ್ಯೂಟನ್ ಬಲ ಹಾಕಿ ತಳ್ಳುತ್ತೀರಿ. ಪೆಟ್ಟಿಗೆ ಮಿಸುಕುವುದಿಲ್ಲ. ಈಗ ಹೇಳಿ, ಘರ್ಷಣೆ ಎಷ್ಟು?

ಮೊದಲ ವರ್ಷದ ಎಂಜಿನಿಯರಿಂಗ್ ಕ್ಲಾಸಿನಲ್ಲಿ ಕೇಳಿ ನೋಡಿ. ಬಹಳಷ್ಟು ಮಕ್ಕಳು 50 ಅನ್ನುತ್ತಾರೆ. ಸೂತ್ರ ಬಾಯಿಪಾಠ ಇದೆಯಲ್ಲ, ಗುಣಾಂಕವನ್ನು ಲಂಬ ಬಲದಿಂದ (ಇಲ್ಲಿ ಪೆಟ್ಟಿಗೆಯ ತೂಕದಿಂದ) ಗುಣಿಸು ಅಂತ. ಗುಣಿಸಿದರು, 50 ಬಂತು. ಸರಿಯಾದ ಉತ್ತರ 20. ಯಾಕೆಂದರೆ 50 ಅನ್ನುವುದು ಈ ನೆಲ ಕೊಡಬಲ್ಲ ಗರಿಷ್ಠ ಘರ್ಷಣೆ. ಪೆಟ್ಟಿಗೆ ನಿಂತೇ ಇರುವಾಗ ನೀವು ಎಷ್ಟು ತಳ್ಳುತ್ತೀರೋ ನೆಲ ಅಷ್ಟನ್ನೇ ವಾಪಸ್ ತಳ್ಳುತ್ತದೆ.

ಈ ಲೆಕ್ಕ ಬಿಡಿಸಲು ಪಿಎಚ್‌ಡಿ ಬೇಕಿಲ್ಲ. ತಮಾಷೆ ಏನೆಂದರೆ, ಪಿಎಚ್‌ಡಿ ಮಾಡಿದವರಿಗೂ ಇಲ್ಲೊಂದು ಸಂಗತಿ ಗೊತ್ತಿರುವುದಿಲ್ಲ. ಮಕ್ಕಳು 50 ಅನ್ನುತ್ತಾರೆ ಅನ್ನುವುದು. ಯಾಕೆ ಹಾಗನ್ನುತ್ತಾರೆ ಅನ್ನುವುದು. ಯಾವ ಮರುಪ್ರಶ್ನೆ ಹಾಕಿದರೆ ತಾವೇ ನಾಲಿಗೆ ಕಚ್ಚಿಕೊಂಡು ತಿದ್ದಿಕೊಳ್ಳುತ್ತಾರೆ ಅನ್ನುವುದು. ಇದು ವಿಷಯದ ಜ್ಞಾನ ಅಲ್ಲ. ಬರೀ ಪಾಠ ಮಾಡುವ ಚಾಕಚಕ್ಯತೆಯೂ ಅಲ್ಲ. ಎರಡೂ ಸೇರಿ ಹುಟ್ಟುವ ಮೂರನೆಯದು. 1986ರಲ್ಲಿ ಲೀ ಶುಲ್ಮನ್ ಎಂಬ ಅಮೆರಿಕದ ಶಿಕ್ಷಣ ತಜ್ಞರು ಇದಕ್ಕೊಂದು ಹೆಸರು ಕೊಟ್ಟರು. ನಮ್ಮ ಮಾತಿನಲ್ಲಿ ಅದನ್ನು 'ಪಾಠ ಮಾಡುವವನ ವಿಷಯಜ್ಞಾನ' ಅನ್ನಬಹುದು. ಕಬ್ಬಿಣದ ಬಗ್ಗೆ ಎಲ್ಲ ಗೊತ್ತಿರುವುದು ಬೇರೆ. ಕಬ್ಬಿಣ ಕಲಿಯುವವನು ಎಲ್ಲಿ ಎಡವುತ್ತಾನೆ ಅಂತ ಗೊತ್ತಿರುವುದು ಬೇರೆ.

ಈ ಮೂರನೇ ಜ್ಞಾನ ಎಲ್ಲಿ ಸಿಗುತ್ತದೆ? ಎಂಜಿನಿಯರಿಂಗ್ ಶಿಕ್ಷಣದಲ್ಲಿ 'ಅಧ್ಯಾಪಕರ ಅಭಿವೃದ್ಧಿ' ಎಂದು ದೊಡ್ಡದಾಗಿ ಕರೆಯುವ ವ್ಯವಹಾರವೆಲ್ಲ ಕೊನೆಗೆ ಸುತ್ತುವುದು ಈ ಪ್ರಶ್ನೆಯ ಸುತ್ತಲೇ.

ಟೈಮ್ ಟೇಬಲ್, ಸಿಲಬಸ್, ಡಸ್ಟರ್

ನಾನು ಪಾಠ ಮಾಡಲು ಸೇರಿದ ದಿನ ಕೈಗೆ ಸಿಕ್ಕಿದ್ದು ಮೂರು ವಸ್ತು. ಒಂದು ಟೈಮ್ ಟೇಬಲ್, ಒಂದು ಸಿಲಬಸ್ ಪ್ರತಿ, ಒಂದು ಡಸ್ಟರ್. 'ಮೊದಲ ಪೀರಿಯಡ್ ಬಿ ಸೆಕ್ಷನ್, ಹೋಗಿ' ಅಂದರು. ಹೋದೆ. ನನಗೆ ಪಾಠ ಮಾಡಿದವರನ್ನು ನೆನೆಸಿಕೊಂಡು ಅವರ ಹಾಗೇ ಬೋರ್ಡ್ ತುಂಬಾ ಬರೆದೆ. ಅವರೂ ಅವರ ಮೇಷ್ಟ್ರನ್ನು ನೋಡಿಯೇ ಕಲಿತಿದ್ದರು ಅಂತ ಕಾಣುತ್ತದೆ.

ಶಾಲೆಯಲ್ಲಿ ಮೇಷ್ಟ್ರಾಗಬೇಕಾದರೆ ಹೆಚ್ಚಿನ ಕಡೆ ಬೋಧನೆಯ ತರಬೇತಿ ಕಡ್ಡಾಯ. ಎಂಟು ವರ್ಷದ ಮಗುವಿಗೆ ಭಾಗಾಕಾರ ಹೇಳಿಕೊಡಲು ಸರ್ಟಿಫಿಕೇಟ್ ಬೇಕು. ಹದಿನೆಂಟು ವರ್ಷದವರಿಗೆ ಥರ್ಮೋಡೈನಾಮಿಕ್ಸ್ ಹೇಳಿಕೊಡಲು ಎಷ್ಟೋ ಕಡೆ ಥರ್ಮೋಡೈನಾಮಿಕ್ಸ್ ಗೊತ್ತಿದ್ದರೆ ಸಾಕು. ಯಾರೂ ಕೂತು ಯೋಚಿಸಿ ಮಾಡಿದ ನಿಯಮದ ಹಾಗೆ ಇದು ಕಾಣುವುದಿಲ್ಲ. ಸುಮ್ನೆ ಹಾಗೇ ನಡೆದುಕೊಂಡು ಬಂದಿದೆ.

ಪಿಎಚ್‌ಡಿ ಮಾಡುವಾಗ ಕಲಿಯುವುದು ಒಂದು ಚಿಕ್ಕ ಜಾಗದಲ್ಲಿ ಆಳಕ್ಕೆ ಇಳಿಯುವುದನ್ನು. ಕ್ಲಾಸಿನಲ್ಲಿ ಬೇಕಾಗುವುದು ಮೇಲೆ ಬಂದು, ಇನ್ನೂ ದಡದಲ್ಲೇ ನಿಂತವರ ಕೈ ಹಿಡಿಯುವುದು. ಆಳಕ್ಕೆ ಹೋದಷ್ಟೂ ದಡದಲ್ಲಿ ನಿಂತಾಗ ಹೇಗಿತ್ತು ಅನ್ನುವುದು ಮರೆತುಹೋಗುತ್ತದೆ. ಜಾಸ್ತಿ ತಿಳಿದವರೇ ಎಷ್ಟೋ ಸಲ ಕಷ್ಟದ ಮೇಷ್ಟ್ರಾಗುವುದು ಇದಕ್ಕೇ. ಅವರಿಗೆ ಸುಲಭ ಅನ್ನಿಸಿದ ಹೆಜ್ಜೆಯನ್ನು ಹಾರಿ ಮುಂದೆ ಹೋಗಿರುತ್ತಾರೆ. ಹಾರಿದ್ದು ಅವರಿಗೇ ಗೊತ್ತಾಗಿರುವುದಿಲ್ಲ.

ಒಂದೇ ಹೆಸರಿನ ಎರಡು ಕೆಲಸ

'ಅಧ್ಯಾಪಕರ ಅಭಿವೃದ್ಧಿ' ಅನ್ನುವ ಚೀಲದೊಳಗೆ ಎರಡು ಬೇರೆ ಬೇರೆ ಸರಕು ಇದೆ. ಎರಡನ್ನೂ ಕಲಸಿಕೊಂಡರೆ ಗೊಂದಲ.

ಮೊದಲನೆಯದು, ಮೇಷ್ಟ್ರ ಎಂಜಿನಿಯರಿಂಗ್ ಅನ್ನು ಹೊಸದಾಗಿ ಇಡುವುದು. ಹೊಸ ಸಾಫ್ಟ್‌ವೇರ್, ಹೊಸ ಯಂತ್ರ, ಫ್ಯಾಕ್ಟರಿಯಲ್ಲಿ ಈಗ ನಡೆಯುತ್ತಿರುವುದು ಏನು ಅನ್ನುವ ಅರಿವು. ಓದು ಮುಗಿಸಿ ನೇರ ಪಾಠಕ್ಕೆ ಬಂದ ಎಷ್ಟೋ ಅಧ್ಯಾಪಕರು ಒಂದು ನಿಜವಾದ ವಸ್ತುವನ್ನು ಡಿಸೈನ್ ಮಾಡಿ, ಕೆಡಿಸಿ, ಮತ್ತೆ ಮಾಡಿದವರಲ್ಲ. ಆಮೇಲೆ ಅವರೇ ಮಕ್ಕಳ ಪ್ರಾಜೆಕ್ಟ್‌ಗೆ ಗೈಡ್. ಕೆಲವು ತಿಂಗಳು ಕಂಪನಿಯೊಳಗೆ ಕೆಲಸ ಮಾಡಿ ಬಂದರೆ ಇದಕ್ಕೆ ಒಳ್ಳೆಯ ಮದ್ದು.

ಎರಡನೆಯದು, ಪಾಠ ಮಾಡುವ ಕಸುಬನ್ನೇ ಕಲಿಯುವುದು. ಪ್ರಶ್ನೆ ಕೇಳುವುದು ಹೇಗೆ, ಪರೀಕ್ಷೆಯ ಪತ್ರಿಕೆ ಏನನ್ನು ಅಳೆಯುತ್ತಿದೆ, ಲ್ಯಾಬಿನಲ್ಲಿ ಯಾವಾಗ ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ನಿಲ್ಲಬೇಕು ಇಂಥವು.

2000ದಲ್ಲಿ ಅಮೆರಿಕದ ಎಂಐಟಿ ಮತ್ತು ಸ್ವೀಡನ್ನಿನ ಮೂರು ವಿಶ್ವವಿದ್ಯಾಲಯಗಳು ಸೇರಿ ಸಿಡಿಐಒ ಎಂಬ ಒಕ್ಕೂಟ ಕಟ್ಟಿದವು. ಕಲ್ಪಿಸು, ಡಿಸೈನ್ ಮಾಡು, ಜಾರಿಗೆ ತಾ, ನಡೆಸು ಅನ್ನುವ ಅರ್ಥದ ನಾಲ್ಕು ಇಂಗ್ಲಿಷ್ ಮಾತುಗಳ ಮೊದಲಕ್ಷರ ಅದು. ಎಂಜಿನಿಯರಿಂಗ್ ಕೋರ್ಸ್ ಹೇಗಿರಬೇಕು ಅಂತ ಅವರು 12 ಮಾನದಂಡ ಬರೆದರು. ಅದರಲ್ಲಿ 9ನೆಯದು ಅಧ್ಯಾಪಕರ ಎಂಜಿನಿಯರಿಂಗ್ ಕೌಶಲದ ಬಗ್ಗೆ, 10ನೆಯದು ಅವರ ಬೋಧನಾ ಕೌಶಲದ ಬಗ್ಗೆ. ಬೇಕೆಂದೇ ಬೇರೆ ಬೇರೆ ಇಟ್ಟಿದ್ದಾರೆ. ನಾನು ನೋಡಿದ ತರಬೇತಿಗಳಲ್ಲಂತೂ ಮೊದಲನೆಯದೇ ಜಾಸ್ತಿ. ಎಐ ಬಗ್ಗೆ ಐದು ದಿನ, ರೊಬಾಟಿಕ್ಸ್ ಬಗ್ಗೆ ಐದು ದಿನ. ಆ ಐದೂ ದಿನ ತಜ್ಞರು ಮಾತಾಡುತ್ತಾರೆ, ನಾವು ಕೂತು ಕೇಳುತ್ತೇವೆ. 'ಮಕ್ಕಳನ್ನು ಸುಮ್ನೆ ಕೂರಿಸಿ ಭಾಷಣ ಮಾಡಬೇಡಿ' ಅನ್ನುವ ವಿಷಯದ ಮೇಲೂ ಮೂರು ಗಂಟೆ ಭಾಷಣ ಕೇಳಿದ್ದೇನೆ.

ಇಂಥ ಕಡೆ ಒಂದು ಸ್ಲೈಡ್ ಬಂದರೆ ಹುಷಾರಾಗಿರಿ. ಓದಿದರೆ 10% ನೆನಪಿರುತ್ತದೆ, ಕೇಳಿದರೆ 20%, ಮಾಡಿದರೆ 90% ಅಂತ ಬಣ್ಣಬಣ್ಣದ ಪಿರಮಿಡ್ಡು. ಆ ದುಂಡು ಸಂಖ್ಯೆಗಳ ಹಿಂದೆ ಸಂಶೋಧನೆ ಇಲ್ಲ. ಎಡ್ಗರ್ ಡೇಲ್ ಎಂಬುವರ ಹೆಸರನ್ನು ಅದಕ್ಕೆ ಅಂಟಿಸುತ್ತಾರೆ. 1946ರಲ್ಲಿ ಅವರು ಬರೆದ ಚಿತ್ರದಲ್ಲಿ ಸಂಖ್ಯೆಗಳೇ ಇರಲಿಲ್ಲ. ಲೆಕ್ಕಾಚಾರದ ಮೇಲೇ ಬದುಕುವ ಎಂಜಿನಿಯರುಗಳು ಈ ಸ್ಲೈಡನ್ನು ಪ್ರಶ್ನೆ ಮಾಡದೆ ಫೋಟೋ ಹೊಡೆದುಕೊಳ್ಳುವುದು ನೋಡಿದರೆ ನಗು ಬರುತ್ತದೆ.

ವರ್ಕ್‌ಶಾಪ್ ಮುಗಿದ ಸೋಮವಾರ

ವರ್ಕ್‌ಶಾಪ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಕಣ್ಣು ತೆರೆಸುವ ಕೆಲಸವನ್ನು ಒಳ್ಳೆಯ ವರ್ಕ್‌ಶಾಪ್ ಚೆನ್ನಾಗಿಯೇ ಮಾಡುತ್ತದೆ. ತಕರಾರು ಇರುವುದು ಆಮೇಲಿನ ಸೋಮವಾರದ ಬಗ್ಗೆ. ಕ್ಲಾಸಿಗೆ ಹೋಗಿ ನಿಂತಾಗ ಏನಾಗುತ್ತದೆ?

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದಲ್ಲಿ ಜೀವಶಾಸ್ತ್ರ ಕಲಿಸುವ ಅಧ್ಯಾಪಕರಿಗೆ ನಡೆದ ಎರಡು ದೊಡ್ಡ ತರಬೇತಿಗಳ ನಂತರದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ನಿಮ್ಮ ಪಾಠ ಬದಲಾಗಿದೆಯಾ ಅಂತ ಕೇಳಿದಾಗ 89% ಜನ ಹೌದು ಅಂದರು. ಆಮೇಲೆ ಅವರ ಕ್ಲಾಸಿನ ವಿಡಿಯೋ ತರಿಸಿ ನೋಡಿದರು. 75% ಅಧ್ಯಾಪಕರು ಹಳೇ ಲೆಕ್ಚರನ್ನೇ ಮಾಡುತ್ತಿದ್ದರು. ಇವರು ಸುಳ್ಳು ಹೇಳಿದರು ಅಂತಲ್ಲ. ಬದಲಾಗಿದ್ದೇವೆ ಅಂತ ಪ್ರಾಮಾಣಿಕವಾಗಿ ನಂಬಿದ್ದರು. ಕ್ಲಾಸಿನ ಮುಂದೆ ನಿಂತವರಿಗೆ ತಮ್ಮ ಕ್ಲಾಸು ಕಾಣುವುದಿಲ್ಲ.

ಹಾಗಾಗಿ ವರ್ಕ್‌ಶಾಪಿನ ಕೊನೆಯಲ್ಲಿ ತುಂಬಿಸಿಕೊಳ್ಳುವ ಆ ಫಾರಂ ಇದೆಯಲ್ಲ, 'ಕಾರ್ಯಕ್ರಮ ಹೇಗಿತ್ತು, ಐದಕ್ಕೆ ಎಷ್ಟು', ಅದರಿಂದ ಏನೂ ತಿಳಿಯುವುದಿಲ್ಲ. ತರಬೇತಿಗಳನ್ನು ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ನಾಲ್ಕು ಮೆಟ್ಟಿಲು ಹೇಳಿದ್ದರು. ಬಂದವರಿಗೆ ಇಷ್ಟವಾಯಿತಾ, ಏನಾದರೂ ಕಲಿತರಾ, ಕೆಲಸದ ಜಾಗದಲ್ಲಿ ನಡವಳಿಕೆ ಬದಲಾಯಿತಾ, ಅದರಿಂದ ಫಲ ಸಿಕ್ಕಿತಾ. ನಮ್ಮ ಫಾರಂ ಮೊದಲ ಮೆಟ್ಟಿಲಲ್ಲೇ ಕೂತುಬಿಡುತ್ತದೆ. ಊಟ ಚೆನ್ನಾಗಿದ್ದರೂ ಅಂಕ ಏರುತ್ತದೆ.

ಹೊಸದನ್ನು ಪ್ರಯತ್ನಿಸಿದವರೂ ಯಾಕೆ ಬಿಡುತ್ತಾರೆ?

ನನಗೆ ಇಡೀ ವಿಷಯದ ಗಂಟು ಇಲ್ಲೇ ಇದೆ ಅನ್ನಿಸುವುದು.

ಮಕ್ಕಳನ್ನು ಕ್ಲಾಸಿನಲ್ಲಿ ಯೋಚಿಸಲು, ಮಾತಾಡಲು, ಬಿಡಿಸಲು ಹಚ್ಚಿದರೆ ಕಲಿಕೆ ಹೆಚ್ಚುತ್ತದೆ ಅನ್ನುವುದಕ್ಕೆ ಪುರಾವೆ ಗಟ್ಟಿಯಾಗಿದೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಕ್ಲಾಸುಗಳ ಮೇಲೆ ನಡೆದ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆ 2014ರಲ್ಲಿ ಬಂತು. ಬರೀ ಲೆಕ್ಚರ್ ನಡೆದ ಕ್ಲಾಸುಗಳಲ್ಲಿ ಸರಾಸರಿ 33.8% ಮಕ್ಕಳು ಫೇಲ್. ಮಕ್ಕಳು ಕೈಹಾಕಿದ ಕ್ಲಾಸುಗಳಲ್ಲಿ 21.8%. ನೂರು ಜನರ ಕ್ಲಾಸಿನಲ್ಲಿ ಹನ್ನೆರಡು ಜನರ ವ್ಯತ್ಯಾಸ ಅಂದರೆ ಎರಡು ಬೆಂಚು ತುಂಬುವಷ್ಟು ಮಕ್ಕಳು.

ಇಷ್ಟು ಗೊತ್ತಿದ್ದೂ ಬಿಡುವುದೇಕೆ? ಹಾರ್ವರ್ಡ್‌ನ ಭೌತಶಾಸ್ತ್ರದ ಕ್ಲಾಸಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗ ಒಂದು ಸುಳಿವು ಕೊಡುತ್ತದೆ. ಒಂದು ಗುಂಪಿಗೆ ನುರಿತ ಮೇಷ್ಟ್ರು ಸೊಗಸಾದ ಲೆಕ್ಚರ್ ಕೊಟ್ಟರು. ಇನ್ನೊಂದು ಗುಂಪು ಅದೇ ಪಾಠವನ್ನು ತಾನೇ ಒದ್ದಾಡಿ ಬಿಡಿಸಿತು. ಪರೀಕ್ಷೆ ಇಟ್ಟಾಗ ಒದ್ದಾಡಿದವರು ಹೆಚ್ಚು ಕಲಿತಿದ್ದರು. ಆದರೆ 'ಎಷ್ಟು ಕಲಿತಿರಿ ಅನ್ನಿಸುತ್ತದೆ' ಅಂತ ಕೇಳಿದಾಗ ಒದ್ದಾಡಿದವರೇ ಕಡಿಮೆ ಅಂದರು. ಲೆಕ್ಚರ್ ಕೇಳಿದವರಿಗೆ ಎಲ್ಲ ಸಲೀಸಾಗಿ ಅರ್ಥವಾದ ಹಾಗೆ ಅನ್ನಿಸಿತ್ತು.

ಈಗ ಒಬ್ಬ ಹೊಸ ಮೇಷ್ಟ್ರ ಜಾಗದಲ್ಲಿ ನಿಂತು ನೋಡಿ. ವರ್ಕ್‌ಶಾಪಿಗೆ ಹೋಗಿ ಬಂದಿದ್ದಾನೆ. ಹುರುಪಿನಿಂದ ಹೊಸ ರೀತಿ ಶುರು ಮಾಡುತ್ತಾನೆ. ಕ್ಲಾಸು ಗಲಾಟೆ. ಸಿಲಬಸ್ ಹಿಂದೆ ಬೀಳುತ್ತದೆ. ಮಕ್ಕಳು 'ಸರ್ ಪಾಠಾನೇ ಮಾಡಲ್ಲ, ಎಲ್ಲ ನಮ್ಮ ಕೈಲೇ ಮಾಡಿಸ್ತಾರೆ' ಅಂತ ಫೀಡ್‌ಬ್ಯಾಕ್ ಬರೆಯುತ್ತಾರೆ. ಹೆಡ್ ಕರೆದು ಕೇಳುತ್ತಾರೆ. ನಿಜವಾಗಿ ಕಲಿಕೆ ಏರುತ್ತಿರುವಾಗಲೇ ಅವನ ಕೈಗೆ ಬರುವ ಸುದ್ದಿಯೆಲ್ಲ ಕೆಟ್ಟದ್ದು. ಎರಡು ವಾರಕ್ಕೆ ಹಳೇ ದಾರಿಗೆ ವಾಪಸ್. ಅಮೆರಿಕದ 722 ಭೌತಶಾಸ್ತ್ರ ಅಧ್ಯಾಪಕರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹೊಸ ವಿಧಾನ ಪ್ರಯತ್ನಿಸಿದವರ ಪೈಕಿ ಸುಮಾರು ಮೂರನೇ ಒಂದು ಭಾಗ ಪೂರ್ತಿ ಬಿಟ್ಟುಬಿಟ್ಟಿತ್ತು.

ಈ ಎರಡು ವಾರದಲ್ಲಿ ಅನುಭವಿಯೊಬ್ಬರು ಅವನ ಪಕ್ಕ ನಿಂತು ದಾರಿ ತೋರಿಸುವುದೇ ಮೆಂಟರಿಂಗ್.

ಒಂದು ಹಾಳೆ, 25 ಮನೆ

ನನಗೆ ಮೆಂಟರ್ ಸಿಕ್ಕಿದ್ದು ಮೂರನೇ ವರ್ಷ, ಅದೂ ಆಕಸ್ಮಿಕ. ಬೇರೆ ವಿಭಾಗದ ಹಿರಿಯರೊಬ್ಬರು. ಕ್ಯಾಂಟೀನಿನಲ್ಲಿ ನಾನು ಮಕ್ಕಳನ್ನು ಬೈದುಕೊಳ್ಳುತ್ತಿದ್ದೆ. 'ಒಂದು ದಿನ ಬಂದು ಹಿಂದೆ ಕೂರಲಾ?' ಅಂದರು. ಇಲ್ಲ ಅನ್ನಲು ನಾಚಿಕೆಯಾಯಿತು.

ಬಂದು ಕೊನೇ ಬೆಂಚಿನಲ್ಲಿ ಕೂತರು. ಕೈಯಲ್ಲಿ ಒಂದು ಹಾಳೆ. 50 ನಿಮಿಷದ ಕ್ಲಾಸು, ಎರಡು ನಿಮಿಷಕ್ಕೊಂದರಂತೆ 25 ಮನೆ ಗೀಚಿಕೊಂಡಿದ್ದರು. ಪ್ರತಿ ಮನೆಯಲ್ಲೂ ಆಗ ಮೇಷ್ಟ್ರು ಏನು ಮಾಡುತ್ತಿದ್ದಾರೆ, ಮಕ್ಕಳು ಏನು ಮಾಡುತ್ತಿದ್ದಾರೆ ಅಂತ ಒಂದೊಂದು ಗುರುತು. ಅಷ್ಟೇ. ಒಳ್ಳೆಯದು, ಕೆಟ್ಟದ್ದು ಅಂತ ಏನೂ ಇಲ್ಲ. ಇದು ಅವರ ಸ್ವಂತ ಉಪಾಯ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಕೋಪಸ್ ಎಂಬ ವಿಧಾನ 2013ರಲ್ಲಿ ಪ್ರಕಟವಾಗಿದೆ, ಎರಡು ನಿಮಿಷದ ಲೆಕ್ಕ ಅಲ್ಲಿಯದೇ. ಒಂದೂವರೆ ಗಂಟೆಯಲ್ಲಿ ಯಾರು ಬೇಕಾದರೂ ಕಲಿಯಬಹುದು.

ಕ್ಲಾಸು ಮುಗಿದ ಮೇಲೆ ಹಾಳೆ ನನ್ನ ಮುಂದಿಟ್ಟರು. 25ರಲ್ಲಿ 23 ಮನೆಯಲ್ಲಿ 'ಮೇಷ್ಟ್ರು: ಮಾತು, ಬರಹ. ಮಕ್ಕಳು: ಕೇಳುತ್ತಿದ್ದಾರೆ.' ನನಗೆ ನಂಬಿಕೆಯಾಗಲಿಲ್ಲ. ನಾನು ತುಂಬಾ ಪ್ರಶ್ನೆ ಕೇಳುವ ಮೇಷ್ಟ್ರು ಅಂದುಕೊಂಡಿದ್ದೆ. ಹಾಳೆಯ ಕೆಳಗೆ ಅದೂ ಇತ್ತು. ಕೇಳಿದ ಪ್ರಶ್ನೆ 14. ಅದರಲ್ಲಿ 'ಅರ್ಥ ಆಯ್ತಾ?' ಒಂಬತ್ತು. ಉತ್ತರಕ್ಕೆ ಕಾದದ್ದು ಒಂದು ಸೆಕೆಂಡು, ಒಂದೆರಡು ಕಡೆ ಅದೂ ಇಲ್ಲ. ಬಾಯಿಬಿಟ್ಟ ಮಕ್ಕಳು ಮೂರು, ಮೂವರೂ ಮೊದಲ ಬೆಂಚಿನವರು.

'ಇದರಲ್ಲಿ ನಿಮಗೆ ಆಶ್ಚರ್ಯ ಅನ್ನಿಸಿದ್ದು ಯಾವುದು?' ಅಂತ ಕೇಳಿದರು. ಉಪದೇಶ ಬರುತ್ತದೆ ಅಂತ ಕಾದಿದ್ದ ನನಗೆ ಮೊದಲ ಆಶ್ಚರ್ಯ ಆ ಪ್ರಶ್ನೆಯೇ. ಒಂಬತ್ತು ಸಲ ಅರ್ಥ ಆಯ್ತಾ ಅಂದದ್ದು ಅಂದೆ. 'ಅರ್ಥ ಆಯ್ತಾ ಅಂದರೆ ಯಾರಾದರೂ ಇಲ್ಲ ಅಂತಾರಾ?' ಅಂದರು. ಇಬ್ಬರೂ ನಕ್ಕೆವು.

ಆ ಒಂದು ಸೆಕೆಂಡಿನ ಕಥೆ ನನ್ನೊಬ್ಬನದಲ್ಲ. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಸಂಶೋಧಕಿ ಶಾಲಾ ಕ್ಲಾಸುಗಳ ಧ್ವನಿಮುದ್ರಣ ಕೇಳಿ ಅಳೆದರು. ಪ್ರಶ್ನೆ ಹಾಕಿ ಮೇಷ್ಟ್ರು ಕಾಯುವುದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಎಳೆದಾಗ ಮಕ್ಕಳ ಉತ್ತರ ಉದ್ದವಾಯಿತು, ಗೊತ್ತಿಲ್ಲ ಅನ್ನುವುದು ಕಡಿಮೆಯಾಯಿತು, ಸುಮ್ಮನಿರುವವರೂ ಬಾಯಿಬಿಟ್ಟರು. ಮೂರು ಸೆಕೆಂಡು ಅಂದರೆ ಏನು ಮಹಾ ಅನ್ನಿಸುತ್ತದೆ. ಅರವತ್ತು ಜನರ ಮುಂದೆ ಬಾಯಿ ಮುಚ್ಚಿಕೊಂಡು ನಿಂತು ನೋಡಿ, ಯುಗ ಕಳೆದ ಹಾಗಾಗುತ್ತದೆ.

ಮುಂದಿನ ವಾರಕ್ಕೆ ಒಂದೇ ಒಂದು ಬದಲಾವಣೆ ಅಂತ ಒಪ್ಪಂದವಾಯಿತು. ಪೂರ್ತಿ ಕ್ಲಾಸು ತಿರುಗಿಸುವ ಮಾತೇ ಇಲ್ಲ, ಒಂದು ಪ್ರಶ್ನೆ ಮಾತ್ರ. ಪೆಟ್ಟಿಗೆಯ ಆ ಪ್ರಶ್ನೆ ಅವರೇ ಆರಿಸಿದ್ದು. ಹಾರ್ವರ್ಡ್‌ನ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ 1990ರ ದಶಕದ ಶುರುವಿನಲ್ಲಿ ಮಾಡಿದ ಕ್ರಮ ಹೇಳಿಕೊಟ್ಟರು. ಪ್ರಶ್ನೆ ಹಾಕು. ಪ್ರತಿಯೊಬ್ಬರೂ ಒಂಟಿಯಾಗಿ ಉತ್ತರ ಆರಿಸಲಿ. ಸರಿ ಹೇಳಿದವರು 30ರಿಂದ 70% ಇದ್ದರೆ ಪಕ್ಕದವರ ಜೊತೆ ವಾದ ಮಾಡಲು ಬಿಡು, ಮತ್ತೆ ಕೈ ಎತ್ತಿಸು. ಅದಕ್ಕಿಂತ ಕಡಿಮೆ ಇದ್ದರೆ ವಾದ ಮಾಡಿ ಪ್ರಯೋಜನವಿಲ್ಲ, ಪಾಠ ಮತ್ತೆ ಮಾಡು. ಮಜೂರ್ ಕೂಡ ಮಕ್ಕಳಿಂದ ಒಳ್ಳೆಯ ಫೀಡ್‌ಬ್ಯಾಕ್ ಪಡೆಯುತ್ತಿದ್ದವರೇ. ಸರಳವಾದ ಒಂದು ಪರಿಕಲ್ಪನಾ ಪರೀಕ್ಷೆ ಕೊಟ್ಟಾಗ, ಕಷ್ಟದ ಲೆಕ್ಕ ಬಿಡಿಸುವ ತಮ್ಮ ಮಕ್ಕಳು ಬಲ ಅಂದರೇನು ಅನ್ನುವಲ್ಲೇ ಎಡವುತ್ತಿದ್ದಾರೆ ಅಂತ ಗೊತ್ತಾಗಿ ದಾರಿ ಬದಲಿಸಿದರು.

ಕೇಳಿದೆ. ಮೂರನೇ ಒಂದು ಭಾಗ 20 ಅಂದಿತು, ಉಳಿದವರು 50. ವಾದ ಮಾಡಿ ಅಂದೆ. ಮೊದಲು ಮೌನ. ಆಮೇಲೆ ಸಂತೆ. ಮೂವತ್ತು ಸೆಕೆಂಡಿಗೇ ನನಗೆ ಗಾಬರಿ, ಉತ್ತರ ಹೇಳಿ ಮುಗಿಸಿಬಿಡೋಣ ಅಂತ ಚಾಕ್‌ಪೀಸ್ ಎತ್ತಿದೆ. ಕೊನೇ ಬೆಂಚಿನಿಂದ ಒಂದು ಕೈ ಮೆಲ್ಲಗೆ 'ಇರಿ' ಅಂತ ಸನ್ನೆ ಮಾಡಿತು. ಚಾಕ್‌ಪೀಸ್ ಕೆಳಗಿಟ್ಟೆ. ಮಧ್ಯದ ಸಾಲಿನಲ್ಲಿ ಅದುವರೆಗೆ ಬಾಯೇ ತೆರೆಯದ ಹುಡುಗಿ ಪಕ್ಕದವಳಿಗೆ ಹೇಳುತ್ತಿದ್ದಳು: 'ನೀನು ತಳ್ಳೋದು 20, ನೆಲ ವಾಪಸ್ ತಳ್ಳೋದು 50 ಅಂದ್ರೆ ಪೆಟ್ಟಿಗೆ ನಿನ್ ಕಡೆಗೇ ಓಡಿ ಬರಬೇಕಲ್ವಾ?'

ಇದಕ್ಕಿಂತ ಒಳ್ಳೆಯ ವಿವರಣೆ ನನ್ನ ನೋಟ್ಸಿನಲ್ಲಿ ಇರಲಿಲ್ಲ. ಈಗಲೂ ಅದನ್ನೇ ಬಳಸುತ್ತೇನೆ.

ಆ ಸೆಮಿಸ್ಟರಿನ ನನ್ನ ಫೀಡ್‌ಬ್ಯಾಕ್ ಅಂಕ ಇಳಿಯಿತು. ಒಬ್ಬನೇ ಇದ್ದಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ಅವರು ಎರಡು ವರ್ಷದ ಉತ್ತರ ಪತ್ರಿಕೆ ತೆಗೆಸಿ ಘರ್ಷಣೆಯ ಪ್ರಶ್ನೆ ಒಂದನ್ನೇ ಪಕ್ಕಪಕ್ಕ ಇಟ್ಟು ನೋಡಿ ಅಂದರು. ನೋಡಿದೆ. ಬಿಡಲಿಲ್ಲ. ಜೊತೆಗೆ ಇನ್ನೊಂದು ಮಾತು ಹೇಳಿದರು: ಇದನ್ನು ಯಾಕೆ ಮಾಡಿಸುತ್ತಿದ್ದೇನೆ ಅಂತ ಮಕ್ಕಳಿಗೆ ಮೊದಲ ವಾರವೇ ಹೇಳಿಬಿಡಿ. ಹಾರ್ವರ್ಡ್‌ನ ಅದೇ ತಂಡವೂ ಹಾಗೆ ಮಾಡಿ ನೋಡಿತ್ತು, ಮಕ್ಕಳ ಮುನಿಸು ಕಡಿಮೆಯಾಗಿತ್ತು.

ಮೆಂಟರ್ ಯಾರು, ಯಾರಲ್ಲ

ಒಂದು ವಿಷಯ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಬಡ್ತಿಗೆ ಸಹಿ ಹಾಕುವವರು ಮೆಂಟರ್ ಆಗಬಾರದು. ಹೆಡ್ ಬಂದು ಹಿಂದೆ ಕೂತರೆ ನಾನು ನನ್ನ ಅತಿ ಚೆಂದದ ಕ್ಲಾಸು ಮಾಡುತ್ತೇನೆ, ನನ್ನ ನಿಜವಾದ ಕ್ಲಾಸು ಅಲ್ಲ. ತಿದ್ದುವುದಕ್ಕೆ ನೋಡುವುದು ಬೇರೆ, ತೀರ್ಪು ಕೊಡುವುದಕ್ಕೆ ನೋಡುವುದು ಬೇರೆ. ಈ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟವರು ಮೈಕೆಲ್ ಸ್ಕ್ರಿವೆನ್, 1967ರಲ್ಲೇ. ಆ ಹಾಳೆ ಮೆಂಟರ್ ಕಡತಕ್ಕೆ ಹೋಗಬಾರದು. ನನ್ನ ಹಾಳೆಯನ್ನು ಅವರು ನನಗೇ ಕೊಟ್ಟು ಹೋದರು, ಜೆರಾಕ್ಸ್ ಕೂಡ ಇಟ್ಟುಕೊಳ್ಳಲಿಲ್ಲ.

ಅದೇ ವಿಷಯ ಪಾಠ ಮಾಡುವವರೇ ಮೆಂಟರ್ ಆಗಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಅದೇ ವಿಷಯದವರು ಬಂದರೆ ಬೋರ್ಡ್ ನೋಡುತ್ತಾರೆ. 'ಮೂರನೇ ಸಾಲಿನಲ್ಲಿ ಮೈನಸ್ ಬಿಟ್ಟಿದ್ದೀರಿ' ಅನ್ನುತ್ತಾರೆ. ಬೇರೆ ವಿಭಾಗದವರಿಗೆ ಬೋರ್ಡ್ ಅರ್ಧ ಅರ್ಥವಾಗುವುದಿಲ್ಲ, ಹಾಗಾಗಿ ಮಕ್ಕಳನ್ನು ನೋಡುತ್ತಾರೆ. ಎಲ್ಲಿ ಪೆನ್ನು ನಿಂತಿತು, ಎಲ್ಲಿ ಫೋನು ಹೊರಬಂತು ಅಂತ. ಮೂರು ವಿಭಾಗದ ಮೂವರು ಸೇರಿ ಒಬ್ಬರ ಕ್ಲಾಸಿಗೆ ಇನ್ನಿಬ್ಬರು ಹೋಗುವ ಪದ್ಧತಿ ಹಲವು ಕಡೆ ಇದೆ. ಮೇಲು ಕೀಳಿನ ಸಂಕೋಚವೂ ಇರುವುದಿಲ್ಲ. ಆದರೆ ಮಕ್ಕಳು 50 ಅನ್ನುತ್ತಾರೆ ಅಂತ ಮೊದಲೇ ಎಚ್ಚರಿಸಲು ಅದೇ ವಿಷಯದ ಅನುಭವಿಯೇ ಬೇಕು. ಅಂದರೆ ಒಬ್ಬರಿಂದ ಎಲ್ಲವೂ ಸಿಗದು.

ಪಾಠ ಬಿಟ್ಟು ಉಳಿದದ್ದಕ್ಕೂ ಇದೇ ಮಾತು. ಕೆಲಸದ ಜಾಗದ ಮೆಂಟರಿಂಗ್ ಬಗ್ಗೆ 1980ರ ದಶಕದಲ್ಲಿ ಬರೆದ ಕ್ಯಾಥಿ ಕ್ರ್ಯಾಮ್ ಅದರಲ್ಲಿ ಎರಡು ಎಳೆ ಗುರುತಿಸಿದರು. ಒಂದು ವೃತ್ತಿಯದು: ಅವಕಾಶ ಕೊಡಿಸುವುದು, ನಾಲ್ಕು ಜನರಿಗೆ ಪರಿಚಯಿಸುವುದು. ಇನ್ನೊಂದು ಮನಸ್ಸಿನದು: ಸೋತು ಬಂದಾಗ ಕೂರಿಸಿ ಕೇಳುವುದು. ಸಂಶೋಧನೆಗೆ ಒಬ್ಬರು, ಪಾಠಕ್ಕೆ ಒಬ್ಬರು, ಕಷ್ಟ ಸುಖಕ್ಕೆ ಓರಗೆಯವರೊಬ್ಬರು ಇದ್ದರೆ ಸಾಕು. ಕೆಲವೊಮ್ಮೆ ಉಲ್ಟಾ ಕೂಡ. ಹೊಸ ಸಿಮ್ಯುಲೇಶನ್ ಸಾಫ್ಟ್‌ವೇರನ್ನು ಹಿರಿಯರಿಗೆ ಕಲಿಸುವ ಕಿರಿಯರನ್ನು ನೋಡಿದ್ದೇನೆ, ಹಿರಿಯರಿಗೆ ಅಹಂ ಅಡ್ಡ ಬರದಿದ್ದರೆ ಅದು ಚೆನ್ನಾಗಿಯೇ ನಡೆಯುತ್ತದೆ.

ಹೊಸಬರಿಗೆ ಮೆಂಟರ್ ಮೊದಲು ಹೇಳಬೇಕಾದದ್ದು ಬಹುಶಃ 'ಇಷ್ಟೊಂದು ತಯಾರಿ ಬೇಡ' ಅನ್ನುವುದು. ರಾಬರ್ಟ್ ಬಾಯ್ಸ್ ಎಂಬ ಮನಶ್ಶಾಸ್ತ್ರಜ್ಞರು ಹೊಸ ಅಧ್ಯಾಪಕರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಹೆಚ್ಚಿನವರು ತಪ್ಪು ಸಿಕ್ಕಿಬೀಳುವ ಹೆದರಿಕೆಗೆ ವಿಪರೀತ ತಯಾರಿ ಮಾಡುತ್ತಾರೆ, ತಂದ ಸರಕನ್ನೆಲ್ಲ ಸುರಿಯಬೇಕಲ್ಲ ಅಂತ ಓಡುತ್ತಾರೆ, ಮಕ್ಕಳು ಹಿಂದೆ ಉಳಿಯುತ್ತಾರೆ. ಬೇಗ ಹಿಡಿತ ಸಾಧಿಸಿದ ಕೆಲವರು ತಯಾರಿಗೆ ಮಿತಿ ಹಾಕಿಕೊಂಡಿದ್ದರು, ಸಹೋದ್ಯೋಗಿಗಳ ಜೊತೆ ಪಾಠದ ಬಗ್ಗೆ ಮಾತಾಡುತ್ತಿದ್ದರು. ನನ್ನ ಮೊದಲ ವರ್ಷ ನೆನೆದರೆ ಅವರು ನನ್ನನ್ನೇ ನೋಡಿ ಬರೆದ ಹಾಗಿದೆ. ರಾತ್ರಿ ಒಂದು ಗಂಟೆಯವರೆಗೆ ತಯಾರಿ, ಬೆಳಗ್ಗೆ 40 ಸ್ಲೈಡು.

ಸಮಯ ಯಾರ ಜೇಬಿನಿಂದ?

ಪ್ರತಿ ಸಲವೂ ಮಾತು ಬಂದು ನಿಲ್ಲುವುದು ಇಲ್ಲೇ. 'ಇನ್ನು ಮುಂದೆ ಪ್ರತಿಯೊಬ್ಬ ಹೊಸ ಅಧ್ಯಾಪಕರಿಗೂ ಒಬ್ಬ ಮೆಂಟರ್' ಅಂತ ಸುತ್ತೋಲೆ ಹೊರಡಿಸುವುದು ಸುಲಭ. ಹೆಸರುಗಳ ಪಟ್ಟಿ ನೋಟಿಸ್ ಬೋರ್ಡಿಗೆ ಬೀಳುತ್ತದೆ. ಒಂದು ಸಲ ಟೀ ಕುಡಿಯುತ್ತಾರೆ. ವರ್ಷದ ಕೊನೆಗೆ ಇಬ್ಬರೂ ಫಾರಂಗೆ ಸಹಿ ಹಾಕುತ್ತಾರೆ. ಮೆಂಟರ್‌ಗೆ ವಾರಕ್ಕೆ ಒಂದು ಗಂಟೆ ಪಾಠ ಕಡಿಮೆ ಮಾಡದೆ, ಆ ಕೆಲಸವನ್ನು ಬಡ್ತಿಯಲ್ಲಿ ಲೆಕ್ಕಕ್ಕೆ ಹಿಡಿಯದೆ ನಡೆಸುವ ಯೋಜನೆ ಇಷ್ಟೇ ಆಗುತ್ತದೆ.

ಇದನ್ನು ಗಂಭೀರವಾಗಿ ತೆಗೆದುಕೊಂಡರೆ ಹೇಗಿರುತ್ತದೆ ಅನ್ನುವುದಕ್ಕೆ ಕಾರ್ಲ್ ವೀಮನ್ ಮಾಡಿದ ಕೆಲಸ ನೋಡಬಹುದು. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಆಮೇಲೆ ಕೊಲೊರಾಡೊ ಮತ್ತು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯಗಳಲ್ಲಿ ವಿಜ್ಞಾನ ಬೋಧನೆ ಬದಲಿಸುವ ದೊಡ್ಡ ಯೋಜನೆ ನಡೆಸಿದರು. ಅವರು ಕ್ಯಾಂಪಸ್ಸಿನ ಮೂಲೆಯಲ್ಲಿ ತರಬೇತಿ ಕೇಂದ್ರ ತೆರೆದು ಬನ್ನಿ ಅಂತ ಕಾಯಲಿಲ್ಲ. ವಿಷಯವೂ ಗೊತ್ತಿರುವ, ಬೋಧನೆಯ ಸಂಶೋಧನೆಯೂ ಗೊತ್ತಿರುವ ತಜ್ಞರನ್ನು ವಿಭಾಗಗಳ ಒಳಗೇ ಕೂರಿಸಿದರು. ಅವರು ಅಧ್ಯಾಪಕರ ಜೊತೆ ಕೂತು ಪ್ರಶ್ನೆ ಬರೆದರು, ಕ್ಲಾಸಿಗೆ ಹೋದರು, ಮಕ್ಕಳನ್ನು ಮಾತಾಡಿಸಿದರು, ಒಂದು ಕೋರ್ಸಿನ ಹಿಂದೆ ಸೆಮಿಸ್ಟರುಗಟ್ಟಲೆ ನಿಂತರು. ಹಣ ನೇರ ವಿಭಾಗಕ್ಕೇ ಹೋಯಿತು. ಬದಲಾಗಬೇಕಾದದ್ದು ಒಬ್ಬೊಬ್ಬ ಮೇಷ್ಟ್ರಲ್ಲ, ಇಡೀ ವಿಭಾಗ ಅನ್ನುವುದು ಅವರ ಲೆಕ್ಕ.

ಅಷ್ಟು ದುಡ್ಡು ಎಲ್ಲರ ಹತ್ತಿರ ಇರುವುದಿಲ್ಲ, ಸರಿ. ಹಾಳೆ ಮತ್ತು ಪೆನ್ಸಿಲ್ ಇರುತ್ತದೆ. ನಿಮ್ಮ ಸಂಸ್ಥೆಯಲ್ಲಿ ಯಾರೂ ಮೆಂಟರ್ ಕೊಟ್ಟಿಲ್ಲ ಅಂದರೆ ಬೇರೆ ವಿಭಾಗದಿಂದ ನಂಬಿಕೆಯ ಒಬ್ಬರನ್ನು ಈ ವಾರ ಕ್ಲಾಸಿಗೆ ಕರೆಯಿರಿ. ಒಂದೇ ಕೆಲಸ ಕೊಡಿ: ನಾನು ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡು ಕಾಯುತ್ತೇನೆ ಎಣಿಸಿ, ಯಾವ ಬೆಂಚಿನವರು ಉತ್ತರ ಕೊಡುತ್ತಾರೆ ಗುರುತು ಹಾಕಿ. 'ನನ್ನ ಕ್ಲಾಸು ಹೇಗಿತ್ತು' ಅಂತ ಮಾತ್ರ ಕೇಳಬೇಡಿ. ಚೆನ್ನಾಗಿತ್ತು ಅನ್ನುತ್ತಾರೆ, ಅಲ್ಲಿಗೆ ಮುಗೀತು.